ಕಟ್ಟೆ ಏರಿದವರು, ಕಲ್ಲು ಎಳೆದವರು

ರಾಯಚೂರಿನಲ್ಲಿ ಮನೆ ನಂಬರು ಹಿಡಿದು ಯಾರೂ ಮನೆ ಹುಡುಕುವುದಿಲ್ಲ. ‘ಎಲ್ಲಿಗೆ ಬರ್ಲಿ?’ ಎಂದರೆ ‘ಅಂಬೇಡ್ಕರ್ ಸರ್ಕಲ್‌ಗೆ ಬಾರಪ, ಅಲ್ಲಿಂದ ಫೋನ್ ಹಚ್ಚು’ ಎಂಬ ಉತ್ತರ ಸಿಗುತ್ತದೆ. ‘ಬಸವೇಶ್ವರ ಸರ್ಕಲ್, ಬಸವೇಶ್ವರ ಸರ್ಕಲ್’ ಎಂದು ಕೂಗುವ ಆಟೊದವನು ಹನ್ನೆರಡನೇ ಶತಮಾನದ ಶರಣನನ್ನು ನೆನೆಯುತ್ತಿರುವುದಿಲ್ಲ, ಸೀಟು ತುಂಬಿಸುತ್ತಿರುತ್ತಾನೆ. ಮಾನ್ವಿಗೆ ಹೋದರೆ ಬಸವ ವೃತ್ತ, ದೇವದುರ್ಗಕ್ಕೆ ಹೋದರೆ ಅಂಬೇಡ್ಕರ್ ವೃತ್ತ. ಹಳ್ಳಿಯಿಂದ ಸಂತೆಗೆ ಬಂದವನಿಗೆ ಪ್ಯಾಟಿ ಎಂದರೆ ಈ ಸರ್ಕಲ್ಲೇ. ಟಂಟಂ ನಿಲ್ಲುವುದು ಇಲ್ಲಿ, ಮಿರ್ಚಿ ಬಂಡಿ ಇಲ್ಲಿ, ಬೆಳೆ ಪರಿಹಾರಕ್ಕೆ ಟೈರು ಸುಡುವುದು ಇಲ್ಲಿ, ಚುನಾವಣೆ ಗೆದ್ದವರು ಗುಲಾಲು ಎರಚುವುದೂ ಇಲ್ಲೇ. ಕಟ್ಟೆಯ ಮೇಲಿನ ಮಹಾಪುರುಷರು ಎಲ್ಲಕ್ಕೂ ಸಾಕ್ಷಿ, ಮಾತಾಡುವುದಿಲ್ಲ ಅಷ್ಟೇ.

ಮೈಸೂರು, ಬೆಂಗಳೂರಿನವರಿಗೆ ಮೂರ್ತಿಗಳು ಅರಸರ ಕಾಲದಿಂದ ಬಂದ ಬಳುವಳಿ. ಕಬ್ಬನ್ ಉದ್ಯಾನದಲ್ಲಿ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ವಿಗ್ರಹ 1906ರಲ್ಲೇ ನಿಂತಿತು. ಮಾರ್ಕ್ ಕಬ್ಬನ್‌ನ ಕುದುರೆ ಸವಾರಿಯ ಮೂರ್ತಿ ಅದಕ್ಕೂ ಹಳೆಯದು. ಶೇಷಾದ್ರಿ ಅಯ್ಯರ್, ಏಳನೇ ಎಡ್ವರ್ಡ್, ಚಾಮರಾಜೇಂದ್ರ ಒಡೆಯರು ಆಮೇಲೆ ಬಂದು ಸೇರಿಕೊಂಡರು. ನಮ್ಮ ಕಡೆ ಆ ಕಥೆ ಇಲ್ಲ. 1948ರ ಸೆಪ್ಟೆಂಬರ್ 17ರವರೆಗೆ ರಾಯಚೂರು ನಿಜಾಮರ ಸೀಮೆ. ಇಲ್ಲಿ ಚೌಕದ ಗುರುತು ಕಮಾನು, ದರ್ವಾಜಾ, ದೀಪದ ಕಂಬ. ‘ತೀನ್ ಕಂದೀಲ್’ ಎಂಬ ಹೆಸರು ಇಂದಿಗೂ ಊರಿನ ಬಾಯಲ್ಲಿದೆ. ಹಾಗಾಗಿ ಈ ಭಾಗದ ರಸ್ತೆ ಬದಿಯ ಮೂರ್ತಿಗಳಲ್ಲಿ ಬಹುಪಾಲು ಪ್ರಜೆಗಳು ನಿಲ್ಲಿಸಿದವು, ದೊರೆ ನಿಲ್ಲಿಸಿದವಲ್ಲ. ಅವುಗಳ ಬಲವೂ ಅದೇ, ತಂಟೆಯೂ ಅದೇ.

ಸರ್ಕಲ್‌ಗೆ ಮೂರ್ತಿ ಒಮ್ಮೆಲೇ ಬರುವುದಿಲ್ಲ. ಮೊದಲು ಒಂದು ತಗಡಿನ ಬೋರ್ಡು ಬರುತ್ತದೆ, ‘ಇಂಥವರ ವೃತ್ತ’ ಎಂದು. ಅದಕ್ಕೆ ಯಾರ ಅನುಮತಿಯೂ ಇರುವುದಿಲ್ಲ, ಯಾರ ತಕರಾರೂ ಇರುವುದಿಲ್ಲ. ಮುಂದಿನ ವರ್ಷ ಬೋರ್ಡಿನ ಬುಡಕ್ಕೆ ನಾಲ್ಕು ಬುಟ್ಟಿ ಸಿಮೆಂಟು ಬಿದ್ದು ಕಟ್ಟೆ ಆಗುತ್ತದೆ, ಧ್ವಜದ ಕಂಬ ಏಳುತ್ತದೆ. ಜಯಂತಿಯ ಮೆರವಣಿಗೆ ಅಲ್ಲಿಂದಲೇ ಹೊರಡುವ ರೂಢಿ ಬೀಳುತ್ತದೆ. ಆಮೇಲೆ ಓಣಿಯಲ್ಲಿ ಪಟ್ಟಿ ಎತ್ತುತ್ತಾರೆ. ಒಂದು ದಿನ ಬೆಳಗಿನ ಜಾವ ತಾಡಪತ್ರಿ ಹೊದಿಸಿಕೊಂಡ ಗೂಡ್ಸ್ ಗಾಡಿ ಬಂದು ನಿಲ್ಲುತ್ತದೆ. ಚಹಾದಂಗಡಿ ತೆರೆಯುವ ಹೊತ್ತಿಗೆ ಮೂರ್ತಿ ನಿಂತಿರುತ್ತದೆ. ತಹಶೀಲ್ದಾರರು, ಪೊಲೀಸರು ಧಾವಿಸುತ್ತಾರೆ. ‘ಶಾಂತಿ ಸಭೆ’ ನಡೆಯುತ್ತದೆ. ತೆಗೆಯುವ ಧೈರ್ಯ ಯಾರಿಗೂ ಇಲ್ಲ, ಇರಲಿ ಎನ್ನುವ ಅಧಿಕಾರವೂ ಯಾರಿಗಿಲ್ಲ. ಕಡೆಗೆ ಮೂರ್ತಿಯ ಮುಖಕ್ಕೆ ಬಟ್ಟೆ ಕಟ್ಟಿ, ಇಬ್ಬರು ಪೇದೆಗಳನ್ನು ಕೂರಿಸಿ ಎಲ್ಲರೂ ಮನೆಗೆ ಹೋಗುತ್ತಾರೆ. ಆ ಬಟ್ಟೆ ತಿಂಗಳುಗಟ್ಟಲೆ ಉಳಿಯಬಹುದು, ವರ್ಷಗಟ್ಟಲೆಯೂ ಉಳಿಯಬಹುದು. ಬೆಂಗಳೂರಿನ ಹಲಸೂರು ಕೆರೆಯ ಬಳಿ 1991ರಲ್ಲಿ ನಿಲ್ಲಿಸಿದ ತಿರುವಳ್ಳುವರ್ ಮೂರ್ತಿ ಹದಿನೆಂಟು ವರ್ಷ ಮುಸುಕು ಹಾಕಿಕೊಂಡೇ ನಿಂತಿತ್ತು. 2009ರ ಆಗಸ್ಟ್ 9ರಂದು ಕರುಣಾನಿಧಿ ಬಂದು ಅನಾವರಣ ಮಾಡಿದರು. ನಾಲ್ಕು ದಿನದ ಮೇಲೆ ಚೆನ್ನೈನ ಅಯನಾವರಂನಲ್ಲಿ ನಮ್ಮ ಸರ್ವಜ್ಞ ನಿಂತ. ಇಬ್ಬರೂ ನೀತಿಯ ಕವಿಗಳು. ಅವರ ಮುಖ ನೋಡಲು ಎರಡು ಸರ್ಕಾರಗಳು ಕೈಕುಲುಕಬೇಕಾಯಿತು.

ಕಾನೂನು ಇಲ್ಲವೇ? ಇದೆ. ಕೇರಳದ ನೆಯ್ಯಾಟಿನ್‌ಕರದ ಒಂದು ಮೂರ್ತಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶ ಕೊಟ್ಟಿತು. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ, ಜನ ಬಳಸುವ ಇತರ ಜಾಗಗಳಲ್ಲಿ ಮೂರ್ತಿ ನಿಲ್ಲಿಸಲು ಯಾವ ರಾಜ್ಯ ಸರ್ಕಾರವೂ ಇನ್ನು ಅನುಮತಿ ಕೊಡಕೂಡದು ಎಂದಿತು. ಬೀದಿದೀಪದಂಥ ಜನೋಪಯೋಗಿ ವಸ್ತುಗಳಿಗೆ ಮಾತ್ರ ವಿನಾಯಿತಿ. ಆದೇಶ ಬಂದು ಹನ್ನೆರಡು ವರ್ಷ ದಾಟಿತು. ಸರ್ಕಲ್‌ಗಳೇನೂ ಖಾಲಿ ಉಳಿದಿಲ್ಲ. ಹಳೆಯ ಮೂರ್ತಿಯ ಜಾಗಕ್ಕೆ ಹೊಸದು, ಬೋರ್ಡಿನ ಜಾಗಕ್ಕೆ ಮೂರ್ತಿ, ಸರ್ಕಲ್ ಬದಲು ಸರ್ಕಲ್ ಪಕ್ಕದ ‘ಉದ್ಯಾನ’. ದಾರಿಗಳು ಬೇಕಾದಷ್ಟಿವೆ.

ಇನ್ನು ಮೂರ್ತಿ ಮಾಡುವ ಕೆಲಸ. ಕಲ್ಲಿನದಾದರೆ ಕೋಲಾರ ಜಿಲ್ಲೆಯ ಶಿವಾರಪಟ್ಟಣದ ಶಿಲ್ಪಿಗಳ ಹೆಸರು ರಾಜ್ಯಕ್ಕೆಲ್ಲ ಗೊತ್ತು. ಕಂಚಿನದಾದರೆ ಮೊದಲು ಮಣ್ಣಿನಲ್ಲಿ ಪೂರ್ಣ ಆಕಾರ ಮಾಡಬೇಕು. ಅದರ ಮೇಲೆ ಪ್ಲಾಸ್ಟರಿನ ಅಚ್ಚು, ಅಚ್ಚಿನೊಳಗೆ ಮೇಣ, ಮೇಣ ಕರಗಿಸಿ ಲೋಹ. ದೊಡ್ಡ ಮೂರ್ತಿಯಾದರೆ ತುಂಡು ತುಂಡಾಗಿ ಎರಕ ಹೊಯ್ದು ಬೆಸೆಯುತ್ತಾರೆ. ಒಳಗೆ ಟೊಳ್ಳು, ಉಕ್ಕಿನ ಚೌಕಟ್ಟು. ಬೆಂಗಳೂರಿನ ವಿಮಾನ ನಿಲ್ದಾಣದ ಬಳಿ 2022ರ ನವೆಂಬರ್ 11ರಂದು ಅನಾವರಣಗೊಂಡ 108 ಅಡಿಯ ಕೆಂಪೇಗೌಡರದ್ದೂ ಹಾಗೆಯೇ. ರಾಮ್ ಸುತಾರ್ ರೂಪಿಸಿದ ಅದಕ್ಕೆ 98 ಟನ್ ಕಂಚು, 120 ಟನ್ ಉಕ್ಕು. ಕೈಯಲ್ಲಿರುವ ಖಡ್ಗವೊಂದೇ 4 ಟನ್. ಅದು ಸರ್ಕಾರದ ಖಜಾನೆಯ ಮಾತು. ಓಣಿಯ ಪಟ್ಟಿ ಹಣಕ್ಕೆ ದಕ್ಕುವುದು ಸಿಮೆಂಟು, ಇಲ್ಲವೇ ಫೈಬರ್. ರಾಯಚೂರಿನ ಬಿಸಿಲು ಎರಡನ್ನೂ ಸುಮ್ಮನೆ ಬಿಡುವುದಿಲ್ಲ. ಏಪ್ರಿಲ್, ಮೇ ಕಳೆಯುವಷ್ಟರಲ್ಲಿ ಕೋಟಿನ ನೀಲಿ ಬಿಳಿಚುತ್ತದೆ, ಬೆರಳಿನ ತುದಿ ಸೀಳುತ್ತದೆ, ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಮೊಣಕೈ ಬಳಿ ಕಂದು ಗೆರೆ ಇಳಿಯುತ್ತದೆ. ಜಯಂತಿಗೆ ವಾರ ಇದೆ ಎನ್ನುವಾಗ ಪೇಂಟರ್ ಬರುತ್ತಾನೆ. ಅವನು ಏಣಿ ಹಾಕಿ ಹತ್ತಿ, ಮೊದಲು ಕನ್ನಡಕಕ್ಕೆ ಕಪ್ಪು ಬಳಿದು, ಆಮೇಲೆ ಹುಬ್ಬು, ಕಡೆಗೆ ಕಣ್ಣು ತಿದ್ದುತ್ತಾನೆ. ವರ್ಷ ವರ್ಷ ಬಣ್ಣದ ಪದರು ಏರಿ ಮಹಾಪುರುಷರ ಮುಖ ತುಸು ತುಸುವೇ ದುಂಡಗಾಗುತ್ತಾ ಹೋಗುತ್ತದೆ.

ಮುಖದ ವಿಚಾರ ಬಂತಲ್ಲ, ಒಂದು ಮಾತು ಹೇಳಲೇಬೇಕು. ನಾವು ಸರ್ಕಲ್‌ನಲ್ಲಿ ಕೈ ಮುಗಿಯುವ ಹಲವರ ಮುಖ ನಮಗೆ ಗೊತ್ತೇ ಇಲ್ಲ. ಬಸವಣ್ಣ ಹೇಗಿದ್ದರೆಂದು ಬರೆದಿಟ್ಟ ಸಮಕಾಲೀನರಿಲ್ಲ. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಬಸವ ಜಯಂತಿಯನ್ನು ಸಾರ್ವಜನಿಕ ಹಬ್ಬವಾಗಿ ಶುರುಮಾಡಿದ ಮೇಲೆ, ಕ್ಯಾಲೆಂಡರು, ಪಟ, ನಾಟಕದ ವೇಷ ಎಲ್ಲ ಸೇರಿ ನಮಗೊಂದು ಮುಖ ಕೊಟ್ಟವು. ಆ ಮುಖವೇ ಕುದುರೆ ಏರಿ ಸರ್ಕಲ್‌ಗೆ ಬಂತು, ಅದೇ ಲಂಡನ್ನಿನ ಥೇಮ್ಸ್ ದಂಡೆಗೂ ಹೋಯಿತು. ಅಲ್ಲಿನ ಪ್ರತಿಮೆ 2015ರ ನವೆಂಬರ್ 14ರಂದು ಅನಾವರಣಗೊಂಡಿತು. ಅದರ ಹಿಂದೆ ಓಡಾಡಿದವರು ಕಲಬುರಗಿ ಮೂಲದ, ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲ. ವಾಲ್ಮೀಕಿಯೂ ಹಾಗೆ, ಕನಕದಾಸರೂ ಹಾಗೆ. ಗಡ್ಡ, ಜಟೆ, ಓಲೆಗರಿ ಇದ್ದರೆ ವಾಲ್ಮೀಕಿ. ಕಂಬಳಿ, ತಂಬೂರಿ ಇದ್ದರೆ ಕನಕ. ಗುರುತು ಸಾಮಾನಿನಲ್ಲಿದೆ, ಚಹರೆಯಲ್ಲಿಲ್ಲ.

ಆದರೆ ಇದೇ ಸೀಮೆ ಒಬ್ಬ ಚಕ್ರವರ್ತಿಗೆ ಹೆಸರನ್ನೂ ಮುಖವನ್ನೂ ಕೊಟ್ಟಿದೆ. ಬ್ರಾಹ್ಮಿ ಲಿಪಿಯನ್ನು 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಓದಿದ್ದ. ಬಂಡೆಗಳ ಮೇಲೆ ಮಾತಾಡುವ ಆ ‘ದೇವಾನಾಂಪ್ರಿಯ’ ಯಾರೆಂಬುದಕ್ಕೆ ಶಾಸನಗಳಲ್ಲೇ ನೇರ ಉತ್ತರ ಇರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ರಾಯಚೂರು ಜಿಲ್ಲೆಯ ಮಸ್ಕಿಯ ಗುಡ್ಡದಲ್ಲಿ ಒಂದು ಶಾಸನ ಕಂಡ. ಅದರಲ್ಲಿ ಅಶೋಕ ಎಂಬ ಹೆಸರು ಸ್ಪಷ್ಟವಾಗಿತ್ತು. ಮುಖ ಸಿಕ್ಕಿದ್ದು ಅದೇ ಶತಮಾನದ ಕೊನೆಗೆ, ಕಲಬುರಗಿ ಜಿಲ್ಲೆಯ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ. ಭೀಮಾ ದಂಡೆಯ ಬೌದ್ಧ ಸ್ತೂಪದ ಅವಶೇಷಗಳ ನಡುವೆ ರಾಜ, ರಾಣಿ, ಪರಿಚಾರಿಕೆಯರಿರುವ ಒಂದು ಫಲಕ; ಮೇಲೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’. ಅಶೋಕ ತೀರಿ ಎಷ್ಟೋ ಕಾಲದ ಮೇಲೆ ಕೆತ್ತಿದ್ದು, ನಿಜ. ಆದರೂ ಹೆಸರು ಬರೆದ ಅಶೋಕನ ಶಿಲ್ಪವೆಂದು ವಿದ್ವಾಂಸರು ಮೊದಲು ತೋರಿಸುವುದು ಇದನ್ನೇ. ಮಸ್ಕಿಗೂ ಸನ್ನತಿಗೂ ಎಷ್ಟು ಬಸ್ಸುಗಳಿವೆ, ನಮ್ಮ ಶಾಲೆಗಳ ಎಷ್ಟು ಪ್ರವಾಸಗಳು ಅಲ್ಲಿಗೆ ಹೋಗುತ್ತವೆ ಎಂದು ಕೇಳಿದರೆ ಮಾಸ್ತರರು ಮುಖ ತಿರುಗಿಸುತ್ತಾರೆ.

ಮೂರ್ತಿಗಳೆಲ್ಲ ಒಂದೇ ಎಂದು ತೂಗುವವರನ್ನು ನಾನು ಒಪ್ಪುವುದಿಲ್ಲ. ಅಂಬೇಡ್ಕರ್ ಮೂರ್ತಿಯ ಲೆಕ್ಕ ಬೇರೆ. ಅವರ ಮೊದಲ ಪ್ರತಿಮೆ ಎದ್ದದ್ದು ನಮ್ಮ ಗಡಿಗೆ ಅಂಟಿಕೊಂಡ ಕೊಲ್ಹಾಪುರದ ಬಿಂದು ಚೌಕದಲ್ಲಿ, 1950ರ ಡಿಸೆಂಬರ್ 9ರಂದು. ಜೊತೆಯಲ್ಲಿ ಜ್ಯೋತಿಬಾ ಫುಲೆ. ಮುಂದಾಳು ಮಾಧವರಾವ್ ಬಾಗಲ್. ಅಂಬೇಡ್ಕರ್ ಆಗಿನ್ನೂ ಬದುಕಿದ್ದರು. ಸಂಸತ್ತಿನ ಆವರಣದಲ್ಲಿ ಬಿ.ವಿ. ವಾಘ್ ಕಡೆದ ಪ್ರತಿಮೆ 1967ರಲ್ಲಿ ನಿಂತಿತು. ಕೈಯಲ್ಲಿ ಪುಸ್ತಕ, ಮುಂದೆ ಚಾಚಿದ ತೋರುಬೆರಳು, ಸೂಟು, ಕನ್ನಡಕ. ಆ ಭಂಗಿಯೇ ಹಳ್ಳಿ ಹಳ್ಳಿಗೆ ಇಳಿಯಿತು. ಊರಬಾವಿಗೆ ಇಳಿಯಲು ಬಿಡದ, ಹೋಟೆಲಿನಲ್ಲಿ ಬೇರೆ ಲೋಟ ಇಟ್ಟ ಊರಿನ ನಟ್ಟನಡುವೆ, ಕೂಲಿಯ ದುಡ್ಡಿನಲ್ಲಿ ಪಟ್ಟಿ ಎತ್ತಿ, ಸೂಟು ತೊಟ್ಟ ನಮ್ಮವನೊಬ್ಬನನ್ನು ಎತ್ತರದಲ್ಲಿ ನಿಲ್ಲಿಸುವುದು ಎಂದರೆ ಈ ರಸ್ತೆ ನಮ್ಮದೂ ಹೌದು ಎಂದು ಬರೆಸಿಕೊಂಡ ಖಾತೆ. ಇದನ್ನು ಸೌಂದರ್ಯಪ್ರಜ್ಞೆಯ ತಕ್ಕಡಿಯಲ್ಲಿ ತೂಗಿ ನಗುವವರು ಆ ಊರಿನಲ್ಲಿ ಬದುಕಿಲ್ಲ.

ರಾಯಚೂರಿಗೆ ಇದು ಪುಸ್ತಕದ ಮಾತಲ್ಲ. 2022ರ ಗಣರಾಜ್ಯೋತ್ಸವದ ದಿನ ಇಲ್ಲಿನ ನ್ಯಾಯಾಲಯದ ಆವರಣದ ಸಮಾರಂಭದಲ್ಲಿ ಅಂಬೇಡ್ಕರ್ ಭಾವಚಿತ್ರ ತೆಗೆಸಲಾಯಿತು ಎಂಬ ಆರೋಪ ಬಂತು. ಆರೋಪಕ್ಕೆ ಗುರಿಯಾದವರು ಅದನ್ನು ಅಲ್ಲಗಳೆದರು. ಮಾತು ಅಷ್ಟಕ್ಕೇ ನಿಲ್ಲಲಿಲ್ಲ. ಊರೂರಲ್ಲಿ ಪ್ರತಿಭಟನೆಗಳಾದವು, ಫೆಬ್ರವರಿ 19ರಂದು ಬೆಂಗಳೂರಿನ ರಸ್ತೆಗಳು ನೀಲಿ ಧ್ವಜಗಳಿಂದ ತುಂಬಿದವು. ರಾಷ್ಟ್ರೀಯ ಹಬ್ಬಗಳಂದು ನ್ಯಾಯಾಲಯಗಳಲ್ಲಿ ಅಂಬೇಡ್ಕರ್ ಭಾವಚಿತ್ರ ಇಡಬೇಕೆಂದು ಹೈಕೋರ್ಟಿನಿಂದಲೇ ಸುತ್ತೋಲೆ ಹೊರಟಿತು. ಒಂದು ಚೌಕಟ್ಟಿನ ಪಟ ರಾಜ್ಯವನ್ನೇ ಅಲುಗಿಸಿತೆಂದರೆ ಅದರ ಹಿಂದೆ ಎಷ್ಟು ಕಾಲದ ಉರಿ ಇದ್ದೀತು!

ಹೀಗಿದ್ದೂ ವ್ಯಕ್ತಿಪೂಜೆಯ ಅಪಾಯವನ್ನು ಅಂಬೇಡ್ಕರರಷ್ಟು ನಿಷ್ಠುರವಾಗಿ ಹೇಳಿದವರು ವಿರಳ. 1943ರಲ್ಲಿ ರಾನಡೆ ಕುರಿತ ಭಾಷಣದಲ್ಲಿ ಹೇಳಿದರು, 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮತ್ತೆ ಹೇಳಿದರು: ರಾಜಕಾರಣದಲ್ಲಿ ಭಕ್ತಿ ಬೆರೆತರೆ ಅದು ಸರ್ವಾಧಿಕಾರದ ದಾರಿ. ಆ ಮಾತುಗಳನ್ನು ಕಟ್ಟೆಯ ಫಲಕದಲ್ಲಿ ಕೊರೆಸಿದ್ದನ್ನು ನಾನಂತೂ ನೋಡಿಲ್ಲ. ಫಲಕದಲ್ಲಿ ಇರುವುದು ಅನಾವರಣ ಮಾಡಿದ ಮಂತ್ರಿ, ಅಧ್ಯಕ್ಷತೆ ವಹಿಸಿದ ಶಾಸಕ, ಘನ ಉಪಸ್ಥಿತಿ, ವಿಶೇಷ ಉಪಸ್ಥಿತಿ, ಕಡೆಗೆ ಗುತ್ತಿಗೆದಾರ. ಮೂರ್ತಿಯ ವ್ಯಕ್ತಿ ಹುಟ್ಟಿದ್ದು ಯಾವಾಗ, ಮಾಡಿದ್ದೇನು ಎಂಬುದಕ್ಕೆ ಜಾಗ ಉಳಿಯುವುದಿಲ್ಲ.

ಜಗಳಗಳ ಪಟ್ಟಿ ಉದ್ದವಿದೆ, ಎರಡು ಸಾಕು. 2020ರ ಆಗಸ್ಟಿನಲ್ಲಿ ಬೆಳಗಾವಿಯ ಪೀರನವಾಡಿಯಲ್ಲಿ ರಾತ್ರೋರಾತ್ರಿ ಸಂಗೊಳ್ಳಿ ರಾಯಣ್ಣನ ಮೂರ್ತಿ ನಿಂತಿತು. ಮರಾಠಿ ಭಾಷಿಕರು ಅದು ಶಿವಾಜಿ ವೃತ್ತ ಎಂದರು. ಸಂಧಾನದಲ್ಲಿ ಹೊಳೆದ ಉಪಾಯ ನೋಡಿ: ಮೂರ್ತಿ ರಾಯಣ್ಣನದೇ ಇರಲಿ, ವೃತ್ತಕ್ಕೆ ಶಿವಾಜಿಯ ಹೆಸರಿರಲಿ. ಇಬ್ಬರೂ ಖಡ್ಗ ಹಿಡಿದದ್ದು ಪರಕೀಯ ಆಳ್ವಿಕೆಯ ವಿರುದ್ಧ. ಈಗ ಒಂದೇ ಸರ್ಕಲ್ ಹಂಚಿಕೊಂಡಿದ್ದಾರೆ. ಇನ್ನೊಂದು ನಮ್ಮದೇ ಅಂಗಳದ್ದು. ಹಿಂದೆ ಮಾನ್ವಿ ತಾಲ್ಲೂಕಿನಲ್ಲಿದ್ದ ಸಿರವಾರದಲ್ಲಿ 2024ರ ಜನವರಿ ಕೊನೆಗೆ ಟಿಪ್ಪು ಸುಲ್ತಾನ್ ಭಾವಚಿತ್ರಕ್ಕೆ ಯಾರೋ ಚಪ್ಪಲಿ ಹಾರ ಹಾಕಿದರು. ಬೆಳಿಗ್ಗೆ ರಸ್ತೆ ಬಂದ್. ಇಂಥ ದಿನ ನಷ್ಟ ಯಾರಿಗೆ ಎಂದರೆ ಸರ್ಕಲ್‌ನ ಬಂಡಿಯವರಿಗೆ, ಟಂಟಂನವರಿಗೆ, ಸಂತೆಗೆ ತರಕಾರಿ ತಂದವರಿಗೆ. ಹೋಲಿಕೆಗೆ ಇಂಗ್ಲೆಂಡಿನ ಬ್ರಿಸ್ಟಲ್ ನೋಡಿ. ಅಲ್ಲಿ 2020ರ ಜೂನ್ 7ರಂದು ಗುಲಾಮರ ವ್ಯಾಪಾರಿ ಎಡ್ವರ್ಡ್ ಕೋಲ್ಸ್ಟನ್‌ನ ಕಂಚಿನ ಮೂರ್ತಿಯನ್ನು ಜನ ಕೆಡವಿ ಬಂದರಿನ ನೀರಿಗೆ ದೂಡಿದರು. ಆಮೇಲೆ ಅದನ್ನು ಎತ್ತಿ, ಬಳಿದ ಬಣ್ಣ ಅಳಿಸದೆ, ಮಲಗಿಸಿದ ಸ್ಥಿತಿಯಲ್ಲೇ ಮ್ಯೂಸಿಯಮ್ಮಿನಲ್ಲಿ ಇಟ್ಟರು. ಅಲ್ಲಿ ವಾದವಾದರೂ ನಡೆಯಿತು: ಈತ ಯಾರು, ಏನು ಮಾಡಿದ ಎಂದು. ನಮ್ಮಲ್ಲಿ ವಾದಕ್ಕೆ ಮುಂಚೆ 144ನೇ ಸೆಕ್ಷನ್ ಬರುತ್ತಿತ್ತು, ಈಗ ಅದರ ನಂಬರು ಬದಲಾಗಿದೆ.

ಮೂರ್ತಿ ಇಲ್ಲದೆಯೂ ಉಳಿದವರು ಈ ದೋಆಬಿನಲ್ಲಿ ಎಷ್ಟು ಮಂದಿ! ದೇವದುರ್ಗ ತಾಲ್ಲೂಕಿನ ಗೂಗಲ್‌ಗೆ ಹೋಗಿ. ಕೃಷ್ಣೆಯ ದಂಡೆಯ ಊರು, ನದಿಗೆ ಅಡ್ಡಲಾಗಿ ಬ್ರಿಡ್ಜ್ ಕಂ ಬ್ಯಾರೇಜ್. ಅಲ್ಲಮಪ್ರಭು ಇಲ್ಲಿ ತಂಗಿದ್ದರೆಂಬ ನಂಬಿಕೆ ಇದೆ, ಅವರ ಹೆಸರಿನ ಗುಡಿ ಇದೆ. ಬಯಲನ್ನೇ ಮಾತಾಗಿಸಿದ ಮನುಷ್ಯನಿಗೆ ಹೊಳೆದಂಡೆ ಸರಿಯಾದ ಜಾಗ. ಕಟ್ಟೆಯ ಮೇಲೆ ಕೈ ಎತ್ತಿಸಿ ನಿಲ್ಲಿಸಿದರೆ ಅಲ್ಲಮ ಎಷ್ಟು ನಗುತ್ತಿದ್ದನೋ. ಅದೇ ತಾಲ್ಲೂಕಿನ ಮೊಸರಕಲ್ಲು ಗೋಪಾಲದಾಸರ ಊರು. ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ವಿಜಯದಾಸರ ಊರು, ಬ್ಯಾಗವಾಟ ಜಗನ್ನಾಥದಾಸರ ಊರು. ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರು ನೆಲೆಸಿದ್ದ ಮಾನ್ವಿಯ ಮನೆಯಲ್ಲಿ ಭಕ್ತರು ಕೈ ಮುಗಿಯುವುದು ಒಂದು ಕಂಬಕ್ಕೆ; ದಾಸರು ಅದರಲ್ಲಿದ್ದಾರೆ ಎಂಬುದು ನಂಬಿಕೆ. ಕಣ್ಣು, ಮೂಗು, ಕನ್ನಡಕ ಯಾವುದೂ ಬೇಕಾಗಲಿಲ್ಲ. ರಾಯಚೂರಿನಲ್ಲಿ ಗಾಯಕ ಸಿದ್ಧರಾಮ ಜಂಬಲದಿನ್ನಿಯವರಿಗೆ ಸಿಕ್ಕಿದ್ದು ರಂಗಮಂದಿರ. ನನ್ನನ್ನು ಕೇಳಿದರೆ ಅದೇ ಲೇಸು. ರಂಗಮಂದಿರಕ್ಕೆ ಯಾರೂ ಮಾಲೆ ಹಾಕುವುದಿಲ್ಲ, ಆದರೆ ಒಳಗೆ ಹಾಡು ಕೇಳುತ್ತದೆ.

ಇಷ್ಟು ಹೇಳಿದ ಮೇಲೆ ರಾಯಚೂರಿನ ಅತ್ಯಂತ ದೊಡ್ಡ ರಸ್ತೆ ಬದಿಯ ಶಿಲ್ಪವನ್ನು ಬಿಡುವುದು ತಪ್ಪಾಗುತ್ತದೆ. ಬಸ್ ನಿಲ್ದಾಣದ ಬದಿಗೇ ಕೋಟೆ. ಅದರ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿದೆ. ಅದರ ಮೇಲಿನ ಶಾಸನ 1294ರದ್ದು: ಕಾಕತೀಯರ ಕಾಲದಲ್ಲಿ ಗೋರೆ ಗನ್ನಯ್ಯ ರೆಡ್ಡಿಯ ಅಧೀನದ ವಿಠ್ಠಲ ಈ ಕೋಟೆ ಕಟ್ಟಿಸಿದ ವಿವರ. ಅಷ್ಟೇ ಆಗಿದ್ದರೆ ಇದೂ ಮಂತ್ರಿ ಮಾನ್ಯರ ಹೆಸರಿನ ಇನ್ನೊಂದು ಫಲಕ ಎಂದು ಮುಂದೆ ಹೋಗಬಹುದಿತ್ತು. ಆದರೆ ಅದೇ ಗೋಡೆಯಲ್ಲಿ ಒಂದು ರೇಖಾಚಿತ್ರ ಕೊರೆದಿದ್ದಾರೆ. ಗಟ್ಟಿ ಗಾಲಿಯ ಬಂಡಿಯ ಮೇಲೆ ಆ ಉದ್ದನೆಯ ಕಲ್ಲು. ಮುಂದೆ ಜೋಡಿ ಜೋಡಿಯಾಗಿ ಕೋಣಗಳ ಸಾಲು. ಅವನ್ನು ಹುರಿದುಂಬಿಸಿ ಹೊಡೆಯುವವರು, ಹಿಂದಿನಿಂದ ಗಾಲಿಗೆ ಸನ್ನೆಗೋಲು ಕೊಟ್ಟು ಮೀಟುವವರು. ಇದು ಊಹೆಯ ಮುಖವಲ್ಲ, ಕ್ಯಾಲೆಂಡರಿನ ಮುಖವಲ್ಲ. ಆ ಕೆಲಸ ಕಣ್ಣಾರೆ ಕಂಡವನ ಕೈಯಲ್ಲಿ ಮೂಡಿದ ಚಿತ್ರ ಎನಿಸುತ್ತದೆ. ಅನಾವರಣಕ್ಕೆ ಯಾರು ಬಂದಿದ್ದರೋ ಗೊತ್ತಿಲ್ಲ. ಕಲ್ಲು ಎಳೆದವರು ಮಾತ್ರ ಏಳು ನೂರು ವರ್ಷಗಳಿಂದ ಎಳೆಯುತ್ತಲೇ ಇದ್ದಾರೆ. ಹಂಪಿ, ಬೇಲೂರುಗಳಿಗೆ ಬಸ್ಸು ಕಟ್ಟಿಕೊಂಡು ಹೋಗುವ ನಮ್ಮ ಊರಿನ ಎಷ್ಟು ಮಕ್ಕಳು ಇದನ್ನು ನೋಡಿದ್ದಾರೆ? ಈ ಕೋಟೆಗಾಗಿಯೇ 1520ರಲ್ಲಿ ಕೃಷ್ಣದೇವರಾಯನೂ ಇಸ್ಮಾಯಿಲ್ ಆದಿಲ್ ಶಾಹನೂ ದೊಡ್ಡ ಕಾಳಗ ಮಾಡಿದರು. ಇವತ್ತು ಅದೇ ಗೋಡೆಯ ಮೇಲೆ ಫ್ಲೆಕ್ಸು ಕಟ್ಟುತ್ತೇವೆ, ಬುಡದಲ್ಲಿ ಮೂತ್ರ ಮಾಡುತ್ತೇವೆ.

ಇರುವ ಮೂರ್ತಿಗಳನ್ನು ತೆಗೆಯಿರಿ ಎನ್ನುವುದು ಮೂರ್ಖತನ, ಅದಾಗುವ ಮಾತೂ ಅಲ್ಲ. ಹೊಸದು ಬೇಕು ಎನ್ನುವವರಿಗೆ ಮಾತ್ರ ಕೆಲವು ಶರತ್ತು ಹಾಕಬೇಕು. ಜಾಗ ರಸ್ತೆಯಲ್ಲಿ ಬೇಡ. ಶಾಲೆ, ಗ್ರಂಥಾಲಯ, ಹಾಸ್ಟೆಲ್ ಆವರಣದಲ್ಲಿರಲಿ. ಬಣ್ಣ, ದುರಸ್ತಿ, ದೀಪದ ವರ್ಷದ ಖರ್ಚು ಯಾರದ್ದು ಎಂದು ಮೊದಲೇ ಬರೆದುಕೊಡಲಿ. ಫಲಕದಲ್ಲಿ ಮಂತ್ರಿಗಳ ಹೆಸರು ಒಂದು ಸಾಲು ಸಾಕು. ಉಳಿದದ್ದರಲ್ಲಿ ಆ ವ್ಯಕ್ತಿಯ ಬದುಕು, ತಾರೀಕು ಸಮೇತ, ಹತ್ತನೇ ತರಗತಿಯ ಹುಡುಗಿಗೆ ತಿಳಿಯುವ ಕನ್ನಡದಲ್ಲಿರಲಿ. ಇನ್ನು ಜಿಲ್ಲಾಡಳಿತಕ್ಕೆ ಒಂದು ಬೇಡಿಕೆ: ಕೋಟೆ ಗೋಡೆಯ ಆ ಚಿತ್ರಕ್ಕೆ ಹೋಗುವ ದಾರಿ ಸ್ವಚ್ಛ ಮಾಡಿ, ಬಸ್ ನಿಲ್ದಾಣದಲ್ಲಿ ಒಂದು ಬೋರ್ಡು ಹಾಕಿ. ಬಸ್ಸಿಗೆ ಕಾಯುವವರಿಗೆ ಹೋಗಿ ನೋಡಿ ಬರುವಷ್ಟು ಹೊತ್ತು ಇದ್ದೇ ಇರುತ್ತದೆ.